ರ‍್ಯಾಪ್ ಮತ್ತು ರಾಕ್ ಒಂದೇ ಹಾಡಾದಾಗ

ಈ ಕಡೆ ನ್ಯೂಯಾರ್ಕಿನ ರ‍್ಯಾಪರ್ ಜೇ-ಝೀ, ಆ ಕಡೆ ಕ್ಯಾಲಿಫೋರ್ನಿಯಾದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್. 2004ರಲ್ಲಿ ಎಂಟಿವಿಯ ಕಾರ್ಯಕ್ರಮಕ್ಕಾಗಿ ಇವರು ಕೈಜೋಡಿಸಿದಾಗ ಬಂದಿದ್ದೇ ‘ಕೊಲಿಶನ್ ಕೋರ್ಸ್’ ಆಲ್ಬಂ. ಇದರಲ್ಲಿ ಇರೋದು ಆರೇ ಟ್ರ್ಯಾಕ್, ಎಲ್ಲವೂ ಮ್ಯಾಶ್-ಅಪ್!

ಮ್ಯಾಶ್-ಅಪ್ ಅಂದ್ರೆ ಒಂದು ಹಾಡಿನ ದನಿಯನ್ನು ಇನ್ನೊಂದರ ಸಂಗೀತದ ಮೇಲೆ ಕೂರಿಸೋದು. ಬ್ಯಾಂಡಿನ ಮೈಕ್ ಶಿನೋಡಾ ಮೊದಲು ಹಳೇ ರೆಕಾರ್ಡಿಂಗ್‌ಗಳನ್ನೇ ಬೆಸೆದು ನೋಡಿದ್ರು. ಆದ್ರೆ ಹಾಡಿನ ವೇಗ ಬದಲಾದ್ರೆ ದನಿಯ ಭಾವವೂ ಬದಲಾಗ್ಬೇಕಲ್ಲ? ಅದಕ್ಕೇ ಸ್ಟುಡಿಯೋದಲ್ಲಿ ಒಟ್ಟಿಗೆ ಕೂತು, ರ‍್ಯಾಪ್ ಸಾಲುಗಳನ್ನು ಹೊಸದಾಗಿ ಹಾಡಿದ್ರು.

ಆಲ್ಬಂ ಸೀದಾ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ‘ನಮ್/ಎನ್‌ಕೋರ್’ ಹಾಡಿಗೆ 2006ರಲ್ಲಿ ಗ್ರ್ಯಾಮಿ ಸಿಕ್ತು. ಆ ಹಾಡನ್ನು ಇವತ್ತೇ ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ. ರ‍್ಯಾಪ್ ಇಷ್ಟವಿಲ್ಲದ ಗೆಳೆಯರಿಗೂ ಕೇಳಿಸಿ!