ಐದು ರಿವರ್ಸ್, ಒಂದು ಫಾರ್ವರ್ಡ್!

ಒಂದು ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಊಟ ಮುಗಿದ ಮೇಲೂ ನಾವು ನಾಲ್ವರು ಎದ್ದಿರಲಿಲ್ಲ. ಚರ್ಚೆ ಏನಪ್ಪಾ ಅಂದ್ರೆ, ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಸುಬಾರು ಇಂಜಿನ್ ಕೂರಿಸೋದು. ಹೊರದೇಶದ ಹವ್ಯಾಸಿಗಳಿಗೆ ಇದು ಹಳೇ ಚಟ. ಎರಡೂ ನಾಲ್ಕು ಸಿಲಿಂಡರಿನ ಬಾಕ್ಸರ್ ಇಂಜಿನ್‌ಗಳೇ. ಆದರೆ 1960ರ ದಶಕದ 1200 ಸಿಸಿ ಬೀಟಲ್‌ನದು 34 ಅಶ್ವಶಕ್ತಿ. 1992ರ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್‌ನ 2 ಲೀಟರ್ ಟರ್ಬೊದ್ದು 240!

ಅಷ್ಟು ಟಾರ್ಕ್ ತಡೆಯೋದು ಬೀಟಲ್‌ನ ನಾಲ್ಕು ಗೇರಿನ ಹಳೇ ಗೇರ್‌ಬಾಕ್ಸ್‌ಗೆ ಕಷ್ಟ. ಹಾಗಾಗಿ ಕೆಲವರು ಸುಬಾರುವಿನ 5 ಸ್ಪೀಡ್ ಮ್ಯಾನುವಲ್ ಗೇರ್‌ಬಾಕ್ಸನ್ನೂ ಜೊತೆಗೇ ತರುತ್ತಾರೆ. ತೊಂದರೆ ಏನೆಂದರೆ, ಅದು ಆಲ್ ವೀಲ್ ಡ್ರೈವ್. ಬೀಟಲ್‌ನಲ್ಲಿ ತಿರುಗಬೇಕಾದ್ದು ಹಿಂದಿನ ಎರಡು ಚಕ್ರ ಮಾತ್ರ.

"ಪ್ರೊಪೆಲ್ಲರ್ ಶಾಫ್ಟ್ ಹಾಕದೇ ಬಿಟ್ರೆ ಆಯ್ತಲ್ಲ ಮಗಾ?" ಅಂದ ಒಬ್ಬ. ನಾವೆಲ್ಲ ಹೂಂ ಅಂದೆವು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಚಿತ್ರ ಬರೆದು ನೋಡಿದಾಗ ನಮ್ಮ ಉತ್ತರ ಒಂದಲ್ಲ, ಎರಡು ಕಡೆ ತಪ್ಪಾಗಿತ್ತು.

ಮೊದಲನೇ ತಪ್ಪು: ಸೆಂಟರ್ ಡಿಫರೆನ್ಷಿಯಲ್

ಈ ಗೇರ್‌ಬಾಕ್ಸ್ ಒಳಗೆ ಕೆಳಗಿನ ಶಾಫ್ಟ್ ಟೊಳ್ಳು. ಶಕ್ತಿ ಆ ಟೊಳ್ಳು ಶಾಫ್ಟ್ ಮೂಲಕ ಗೇರ್‌ಬಾಕ್ಸಿನ ಬಾಲದ ಕಡೆ ಇರೋ ಸೆಂಟರ್ ಡಿಫರೆನ್ಷಿಯಲ್‌ಗೆ ಹೋಗುತ್ತದೆ. ಅಲ್ಲಿಂದ ಒಂದು ಪಾಲು ಹಿಂದಿನ ಚಕ್ರಗಳಿಗೆ. ಇನ್ನೊಂದು ಪಾಲು, ಟೊಳ್ಳು ಶಾಫ್ಟ್‌ನ ಒಳಗೇ ತೂರಿ ಬಂದಿರೋ ಪಿನಿಯನ್ ಶಾಫ್ಟ್ ಹಿಡಿದು ವಾಪಸ್ ಮುಂದಿನ ಡಿಫರೆನ್ಷಿಯಲ್‌ಗೆ.

ಈಗ ಮೂರನೇ ಸೆಮಿಸ್ಟರಿನ ಪಾಠ ನೆನಪಿಸಿಕೊಳ್ಳಿ. ಇಂಥ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುತ್ತದೆ. ಹಿಂದಿನ ಔಟ್‌ಪುಟ್‌ಗೆ ಏನೂ ಜೋಡಿಸದಿದ್ದರೆ ಅಲ್ಲಿ ತಡೆ ಇಲ್ಲ, ಟಾರ್ಕ್ ಹೆಚ್ಚುಕಮ್ಮಿ ಸೊನ್ನೆ. ಹಾಗಾದ್ರೆ ಇನ್ನೊಂದು ಕಡೆಗೂ ಸೊನ್ನೆ! ಗಾಡಿ ನಿಂತಲ್ಲೇ ನಿಂತಿರುತ್ತೆ, ಖಾಲಿ ಔಟ್‌ಪುಟ್ ಮಾತ್ರ ದುಪ್ಪಟ್ಟು ವೇಗದಲ್ಲಿ ಗಿರಗಿರ ತಿರುಗುತ್ತೆ. ಜೊತೆಗಿರೋ ವಿಸ್ಕಸ್ ಕಪ್ಲಿಂಗ್ ಸ್ವಲ್ಪ ಎಳೆಯುತ್ತದೆ ನಿಜ. ಆದರೆ ಅದರೊಳಗಿನ ಸಿಲಿಕೋನ್ ದ್ರವ ಕಾದು ಕಾದು ಕೊನೆಗೆ ಕಪ್ಲಿಂಗ್ ಕೆಡುತ್ತದೆ.

ಸರಿಯಾದ ದಾರಿ ಅಂದ್ರೆ, ಸೆಂಟರ್ ಡಿಫರೆನ್ಷಿಯಲ್ಲನ್ನೇ ತೆಗೆದು ಆ ಜಾಗದಲ್ಲಿ ಒಂದು ಸ್ಪೂಲ್ ಹಾಕಬೇಕು. ಅದು ಟೊಳ್ಳು ಶಾಫ್ಟ್ ಮತ್ತು ಪಿನಿಯನ್ ಶಾಫ್ಟ್ ಎರಡನ್ನೂ ಒಂದೇ ಆಗಿ ಕಟ್ಟಿಹಾಕುತ್ತೆ. ಹಿಂದಕ್ಕೆ ಶಕ್ತಿ ಒಯ್ಯೋ ಟ್ರಾನ್ಸ್‌ಫರ್ ಗೇರ್‌ಗಳನ್ನು ತೆಗೆದು, ಆಯಿಲ್ ಸೋರದಂತೆ ಬಾಲಕ್ಕೆ ಪ್ಲೇಟ್ ಮುಚ್ಚಬೇಕು. ಹಳೇ ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡೋರೂ ಇದ್ದಾರೆ. ಆದರೆ ಹದ ಮಾಡಿದ ಗೇರ್ ಸ್ಟೀಲ್‌ನ ವೆಲ್ಡ್ ಸುಲಭವಾಗಿ ಬಿರುಕು ಬಿಡುತ್ತದೆ. ಇನ್ನೊಂದು ಎಚ್ಚರ: ಕಟ್ಟಿಹಾಕಬೇಕಾದ್ದು ಸೆಂಟರ್ ಡಿಫರೆನ್ಷಿಯಲ್ ಮಾತ್ರ. ಮುಂದಿನದ್ದು ಬೀಟಲ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ ಆಗುತ್ತದೆ. ಅದನ್ನು ಲಾಕ್ ಮಾಡಿದರೆ ತಿರುವಿನಲ್ಲಿ ಗಾಡಿ ಒದ್ದಾಡುತ್ತೆ.

ಎರಡನೇ ತಪ್ಪು: ದಿಕ್ಕು

ನಮಗೆ ನಗು ತರಿಸಿದ್ದು ಇದು. ಸುಬಾರುವಿನಲ್ಲಿ ಇಂಜಿನ್ ಮುಂದಿನ ಆಕ್ಸಲ್‌ಗಿಂತ ಮುಂದೆ, ಗೇರ್‌ಬಾಕ್ಸ್ ಅದರ ಹಿಂದೆ. ಅಂದರೆ ಆ ಗೇರ್‌ಬಾಕ್ಸಿನ ಪಾಲಿಗೆ 'ಮುಂದೆ' ಅಂದರೆ ಇಂಜಿನ್ ಇರೋ ದಿಕ್ಕು. ಬೀಟಲ್‌ನಲ್ಲಿ ಇಂಜಿನ್ ಇರೋದು ಡಿಕ್ಕಿಯ ಜಾಗದಲ್ಲಿ! ಇಡೀ ಜೋಡಿಯನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಗೇರ್‌ಬಾಕ್ಸಿನ 'ಮುಂದೆ' ಕಾರಿಗೆ 'ಹಿಂದೆ'. ಐದು ರಿವರ್ಸ್ ಗೇರ್, ಒಂದೇ ಒಂದು ಫಾರ್ವರ್ಡ್.

"ಕ್ರೌನ್ ವೀಲನ್ನು ಪಿನಿಯನ್ನಿನ ಆಚೆ ಬದಿಗೆ ಹಾಕಿದ್ರೆ ದಿಕ್ಕು ಬದಲಾಗಲ್ವಾ?" ಬದಲಾಗುತ್ತೆ. ಬೀಟಲ್‌ನ ಹಳೇ ಗೇರ್‌ಬಾಕ್ಸ್‌ನಲ್ಲಿ ಹೀಗೆ ಮಾಡುವುದುಂಟು. ಆದರೆ ಸುಬಾರುವಿನದು ಹೈಪಾಯ್ಡ್ ಗೇರ್. ಅಲ್ಲಿ ಪಿನಿಯನ್ನಿನ ಅಕ್ಷ ಕ್ರೌನ್ ವೀಲ್‌ನ ಅಕ್ಷವನ್ನು ಸಂಧಿಸುವುದಿಲ್ಲ, ಸ್ವಲ್ಪ ಸರಿದಿರುತ್ತದೆ. ಹಲ್ಲಿನ ಓರೆ ಆ ಸರಿತಕ್ಕೆ ತಕ್ಕಂತೆ ಕತ್ತರಿಸಿದ್ದು. ಬಲಗಾಲಿನ ಚಪ್ಪಲಿ ಎಡಗಾಲಿಗೆ ಹೊಂದದ ಹಾಗೆ, ಬದಿ ಬದಲಾಯಿಸಿದರೆ ಹಲ್ಲುಗಳು ಕೂರೋದಿಲ್ಲ. ಕನ್ನಡಿಯ ಬಿಂಬದಂತೆ ವಿರುದ್ಧ ಓರೆಯ ಹೊಸ ಕ್ರೌನ್ ವೀಲ್, ಪಿನಿಯನ್ ಜೋಡಿಯೇ ಬೇಕು. ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಇಂಥ ಜೋಡಿ ತಯಾರಿಸುತ್ತಾರೆ.

ಸ್ವಾರಸ್ಯ ಕೇಳಿ: ಇದೇ ಗೇರ್‌ಬಾಕ್ಸನ್ನು ಮಿಡ್ ಇಂಜಿನ್ ಕಾರಿಗೆ, ಅಂದರೆ ಹಿಂದಿನ ಆಕ್ಸಲ್‌ಗಿಂತ ಮುಂದೆ ಇಂಜಿನ್, ಅದರ ಹಿಂದೆ ಗೇರ್‌ಬಾಕ್ಸ್ ಬರುವಂತೆ ಕೂರಿಸಿದರೆ, ದಿಕ್ಕಿನ ತಾಪತ್ರಯವೇ ಇಲ್ಲ. ಸ್ಪೂಲ್ ಒಂದೇ ಸಾಕು. ಗೇರ್ ಬದಲಿಸುವ ರಾಡ್ ಮಾತ್ರ ಕಾರಿನ ಹಿಂಬದಿಗೆ ಮುಖ ಮಾಡುವುದರಿಂದ ಕೇಬಲ್ ಎಳೆದು ತರಬೇಕು.

ಲೆಕ್ಕ ಇನ್ನೂ ಮುಗಿದಿಲ್ಲ

ಮೊದಲು ಅರ್ಧ ಟಾರ್ಕ್ ಹೊರುತ್ತಿದ್ದ ಕ್ರೌನ್ ವೀಲ್, ಪಿನಿಯನ್ ಈಗ ಪೂರ್ತಿ ಹೊರಬೇಕು. ಬೀಟಲ್‌ನ ತೂಕ ಸುಮಾರು 800 ಕೆಜಿ ಅಷ್ಟೇ ಆದ್ದರಿಂದ ಟೈರ್ ಬೇಗ ಜಾರಿ ಗೇರನ್ನು ಒಂದಿಷ್ಟು ಉಳಿಸುತ್ತದೆ. ಹಾಗಂತ ದಪ್ಪ ಟೈರ್ ಹಾಕಿ ಕ್ಲಚ್ ಒದ್ದರೆ ಆ ರಕ್ಷಣೆಯೂ ಹೋಯ್ತು.

ಊರಿಗೆ ಹೋಗಿ ಅಜ್ಜನ ಕಾರು ಬಿಚ್ಚೋ ಆಲೋಚನೆ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ತಯಾರಕರು ಕೊಟ್ಟ ಮೂಲ ವಿವರಗಳನ್ನು ನಮಗೆ ಬೇಕಾದ ಹಾಗೆ ಬದಲಿಸೋಕೆ ಅದು ಬಿಡುವುದಿಲ್ಲ.

ಆದರೆ ಕಾಗದದ ಮೇಲೆ ಬಿಚ್ಚೋದಕ್ಕೆ ಯಾರ ಅಪ್ಪಣೆಯೂ ಬೇಡ. ಸ್ಪ್ಯಾನರ್ ಹಿಡಿಯೋ ಮುಂಚೆ ಇಂಜಿನ್ನಿಂದ ಚಕ್ರದವರೆಗೆ ಪ್ರತಿ ಶಾಫ್ಟ್‌ಗೂ ಒಂದೊಂದು ಬಾಣದ ಗುರುತು ಹಾಕಿ ನೋಡಿ. ಆ ರಾತ್ರಿ ನಮ್ಮ ಎರಡೂ ತಪ್ಪನ್ನು ಹಿಡಿದುಕೊಟ್ಟಿದ್ದು ಒಂದು ಪೆನ್ಸಿಲ್, ಅರ್ಧ ಹಾಳೆ.