ಬಿರುಕು ಬಿಟ್ಟ ಹೊಲ ಬರಡೇ?

ಬೇಸಿಗೆಯಲ್ಲಿ ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದು ಅಮ್ಮಿನಬಾವಿಯ ಕಡೆ ಹೊರಟರೆ ಅಕ್ಕಪಕ್ಕ ಕಪ್ಪು ಹೊಲಗಳು ಕಾಣುತ್ತವೆ. ಪೈರಿಲ್ಲ, ಹಸಿರಿಲ್ಲ. ನೆಲದ ತುಂಬ ಬಿರುಕು. ಹೊಸಬರು ‘ಅಯ್ಯೋ, ಬರಡು ಭೂಮಿ’ ಎಂದಾರು. ಊರಿನ ಅಜ್ಜಂದಿರು ಮಾತ್ರ ನಗುತ್ತಾರೆ: ‘ಬರಡಲ್ಲೋ ತಮ್ಮಾ, ಇದು ಎರಿ ಭೂಮಿ!’

ಮಕ್ಕಳೇ, ಒಂದು ಊಹೆ ಮಾಡೋಣ. ಇಂಥ ಹೊಲದ ಕೆಳಗೆ ಅದಿರಿದೆ, ಗಣಿ ತೋಡುತ್ತೇವೆ ಎಂದು ಯಾರೋ ಬಂದರು ಎನ್ನಿ. ನಮ್ಮ ನಾಡಿನ ಹಳೆಯ ಶಿಲೆಗಳಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಧಾರವಾಡದ ಹೆಸರನ್ನೇ ಇಟ್ಟರು. ಸಂಡೂರಿನ ಕಬ್ಬಿಣ, ಹಟ್ಟಿಯ ಚಿನ್ನ ಸಿಗುವುದು ಈ ಶಿಲಾವರ್ಗದಲ್ಲೇ. ಆದರೆ ಅದಿರು ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮೇಲಿರುವುದು ಉತ್ತಮ ಕೃಷಿಭೂಮಿಯೇ?

ರಸ್ತೆಯಲ್ಲಿ ನಿಂತು ಇದಕ್ಕೆ ಉತ್ತರ ಹೇಳಲಾಗದು. ಮಣ್ಣಿನ ವಿಜ್ಞಾನಿಗಳು ಹೊಲದಲ್ಲಿ ಆಳವಾದ ಗುಂಡಿ ತೋಡಿ, ಒಳಗಿಳಿದು ಪದರ ಪದರವಾಗಿ ನೋಡುತ್ತಾರೆ. ಮಣ್ಣು ಎಷ್ಟು ಆಳವಿದೆ? ಒಂದು ಮೀಟರಿಗೂ ಹೆಚ್ಚಿದ್ದರೆ ಬೇರಿಗೆ ಹಬ್ಬ. ಕಲ್ಲು ಎಷ್ಟಿದೆ? ಜೇಡಿ ಎಷ್ಟು, ಮರಳು ಎಷ್ಟು? ನೀರು ನಿಲ್ಲುತ್ತದೆಯೇ, ಬಸಿಯುತ್ತದೆಯೇ? ಉಪ್ಪು ಏರಿದೆಯೇ? ಹೊಲದ ಇಳಿಜಾರು ಎಷ್ಟು? ಇವೆಲ್ಲ ನೋಡಿ ಭೂಮಿಯನ್ನು 1ರಿಂದ 8ರವರೆಗಿನ ವರ್ಗಗಳಲ್ಲಿ ಇಡುತ್ತಾರೆ. ಮೊದಲ ನಾಲ್ಕು ವರ್ಗ ಬೇಸಾಯಕ್ಕೆ ತಕ್ಕವು. ಉಳಿದವು ಹುಲ್ಲು, ಗಿಡಮರ, ಕಾಡುಪ್ರಾಣಿಗಳಿಗೆ.

ಎರಿ ಮಣ್ಣಿನ ಗುಟ್ಟು ಅದರ ಜೇಡಿಯಲ್ಲಿದೆ. ಮಳೆಗೆ ಅದು ಉಬ್ಬಿ ನೀರು ಹಿಡಿದಿಡುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಆ ಹಸಿಯಲ್ಲೇ ಬೆಳೆದು ನಿಲ್ಲುತ್ತವೆ. ಎಂದರೆ ಬಿರುಕು ರೋಗವಲ್ಲ, ಎರಿ ಮಣ್ಣಿನ ಗುರುತು!

ಆದರೆ ಕಾಗದಕ್ಕೆ ಇದು ಕಾಣುವುದಿಲ್ಲ. ನೀರಾವರಿ ಇಲ್ಲದ ಹೊಲ ಪಹಣಿಯಲ್ಲಿ ಬರೀ ‘ಖುಷ್ಕಿ’. 2013ರ ಭೂಸ್ವಾಧೀನ ಕಾಯ್ದೆಯು ಹಲವು ಬೆಳೆ ತೆಗೆಯುವ ನೀರಾವರಿ ಭೂಮಿಯನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ತೆಗೆದುಕೊಳ್ಳಬೇಕು ಎನ್ನುತ್ತದೆ. ಮಳೆಯನ್ನೇ ನಂಬಿದ ಎರಿ ಹೊಲಕ್ಕೆ ಅಷ್ಟು ಗಟ್ಟಿ ಬೇಲಿ ಇಲ್ಲ. ಹಾಗಾಗಿ ಅದರ ಪರವಾಗಿ ಮಣ್ಣೇ ಸಾಕ್ಷಿ ಹೇಳಬೇಕು.

ಅಮೆರಿಕದಲ್ಲಿ 1977ರಲ್ಲಿ ಕಲ್ಲಿದ್ದಲ ಗಣಿಗಳಿಗೆ ಒಂದು ಕಾನೂನು ಬಂತು. ಉತ್ತಮ ಕೃಷಿಭೂಮಿಯಾದರೆ ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆ ಬೇರೆ ತೆಗೆದಿಟ್ಟು, ಗಣಿ ಮುಗಿದ ಮೇಲೆ ಮತ್ತೆ ಹಾಸಿ, ಅಕ್ಕಪಕ್ಕದ ಒಳ್ಳೆಯ ಹೊಲಗಳಷ್ಟೇ ಬೆಳೆ ತೆಗೆದು ತೋರಿಸಬೇಕು.

ನಮ್ಮ ಪಕ್ಕದ ಗದಗ ಜಿಲ್ಲೆಯಲ್ಲೂ ಇಂಥ ಪ್ರಶ್ನೆ ಎದ್ದಿತ್ತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ಕೇಳಿದರು. ‘ಇದು ಫಲವತ್ತಾದ ಭೂಮಿ, ಕೊಡೆವು’ ಎಂದು ರೈತರು ನಿಂತರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆಗಿದ್ದರು. 2011ರಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು.

ನೀವೂ ಮಾಡಿ ನೋಡಿ: ಗಾಜಿನ ಬಾಟಲಿಯ ಕಾಲು ಭಾಗಕ್ಕೆ ಹೊಲದ ಮಣ್ಣು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ, ಅಲುಗಿಸದೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನಯವಾದ ಜೇಡಿಗೆ ಒಂದು ದಿನವೂ ಸಾಲದು. ಮಾರನೆಯ ದಿನವೂ ನೀರು ಕದಡಿದ್ದರೆ ನಿಮ್ಮ ಮಣ್ಣಿನಲ್ಲಿ ಜೇಡಿ ಇದೆ ಎಂದು ತಿಳಿಯಿರಿ.

ಬಾಟಲಿಯನ್ನು ಅಜ್ಜ-ಅಜ್ಜಿಗೆ ತೋರಿಸಿ. ಆ ಹೊಲದಲ್ಲಿ ಯಾವ ವರ್ಷ ಏನು ಬೆಳೆದಿತ್ತು, ಬರಗಾಲದಲ್ಲೂ ಏನು ಕೈಹಿಡಿಯಿತು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜ-ಅಜ್ಜಿಯರೇ, ನೆನಪಿದ್ದಷ್ಟನ್ನೂ ಹೇಳಿ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದನ್ನು ಎತ್ತಿ ಹಾಕಲು ಯಂತ್ರಕ್ಕೆ ಒಂದು ಗಳಿಗೆ ಸಾಕು. ಯಾರಾದರೂ ಬಂದು ‘ಈ ಹೊಲ ಎಂಥದು?’ ಎಂದು ಕೇಳುವ ದಿನ ಆ ನೋಟ್‌ಬುಕ್ಕು ಮನೆಯಲ್ಲಿರಲಿ.