ಕಪ್ಪೆಗೆ ಕತ್ತಲೆಯಲ್ಲೂ ಬಣ್ಣ!

ಮಕ್ಕಳೇ, ಇವತ್ತು ರಾತ್ರಿ ಅಜ್ಜ-ಅಜ್ಜಿಯ ಜೊತೆ ಒಂದು ಆಟ ಆಡಿ. ಒಂದು ಹಸಿರು ಬಳೆ, ಒಂದು ನೀಲಿ ಬಳೆ ತೆಗೆದಿಟ್ಟುಕೊಂಡು ದೀಪ ಆರಿಸಿ. ಹತ್ತು ನಿಮಿಷ ಸುಮ್ಮನೆ ಕುಳಿತರೆ ಕಿಟಕಿ, ಮಂಚ ಮೆಲ್ಲಗೆ ಕಾಣತೊಡಗುತ್ತವೆ. ಈಗ ಅಜ್ಜಿ ಎತ್ತಿ ಹಿಡಿದ ಬಳೆ ಯಾವುದು, ಹೇಳಿ ನೋಡೋಣ! ಬಳೆಯ ಆಕಾರ ಕಾಣುತ್ತದೆ, ಬಣ್ಣ ಮಾತ್ರ ಬೂದಿ. ನನ್ನ ಮೊಮ್ಮಗಳು ಸೋತ ಸಿಟ್ಟಿಗೆ, "ಹೊರಗೆ ವಟಗುಟ್ಟುವ ಆ ಕಪ್ಪೆಗಾದರೂ ಗೊತ್ತಾಗುತ್ತಾ ಅಜ್ಜಾ?" ಎಂದು ಕೇಳಿದಳು. ಗೊತ್ತಾಗುತ್ತದೆ ಎಂದೇ ವಿಜ್ಞಾನಿಗಳು ಹೇಳುತ್ತಾರೆ.

ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನ ಕೆಲಸಗಾರರು. ಇವುಗಳಲ್ಲಿ ಮೂರು ವಿಧ ಇರುವುದರಿಂದಲೇ ನಮಗೆ ಬಣ್ಣ ಕಾಣುತ್ತದೆ. ಸುಮಾರು 12 ಕೋಟಿ ದಂಡಕೋಶಗಳು ರಾತ್ರಿಪಾಳಿಯವು. ಆದರೆ ಇವೆಲ್ಲ ಒಂದೇ ವಿಧ. ಮೂಟೆಯ ತೂಕವೊಂದನ್ನೇ ಹೇಳಿದರೆ ಒಳಗಿರುವುದು ಭತ್ತವೋ ಹತ್ತಿಯೋ ತಿಳಿಯದು; ಗಾತ್ರವನ್ನೂ ಹೇಳಿದರೆ ತಿಳಿಯುತ್ತದೆ. ಹಾಗೆಯೇ ಎರಡು ವಿಧದ ಕೋಶಗಳ ವರದಿಯನ್ನು ಹೋಲಿಸಿದಾಗಲೇ ಮಿದುಳಿಗೆ ಬಣ್ಣ ತಿಳಿಯುವುದು.

ಕಪ್ಪೆಯ ಗುಟ್ಟು ಇಲ್ಲೇ ಇದೆ. ಅದರ ದಂಡಕೋಶದಲ್ಲಿ ಎರಡು ವಿಧ! 1870ರ ದಶಕದಲ್ಲಿ ರೋಮ್ ನಗರದಲ್ಲಿದ್ದ ಫ್ರಾಂಜ್ ಬೋಲ್ ಎಂಬ ವಿಜ್ಞಾನಿ ಕಪ್ಪೆಯ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ದಂಡಗಳ ನಡುವೆ ಅಲ್ಲಲ್ಲಿ ಹಸಿರು ದಂಡಗಳೂ ಕಂಡವು. ತಮಾಷೆಯೆಂದರೆ, ಕೆಂಪು ದಂಡ ಹೀರಿಕೊಳ್ಳುವುದು ಹಸಿರು ಬೆಳಕನ್ನು, ಹಸಿರು ದಂಡ ಹೀರಿಕೊಳ್ಳುವುದು ನೀಲಿ ಬೆಳಕನ್ನು. ಹೀರದೆ ಬಿಟ್ಟ ಬೆಳಕೇ ನೋಡುವವರಿಗೆ ಅದರ ಬಣ್ಣ.

ಇದು ಹೇಗೆ ಬಂತು? ಕೋಟ್ಯಂತರ ವರ್ಷಗಳ ಹಿಂದೆ, ಬೆನ್ನೆಲುಬಿರುವ ಪ್ರಾಣಿಗಳ ಪೂರ್ವಜರಲ್ಲಿ ನಾಲ್ಕು ವಿಧದ ಶಂಕುಕೋಶಗಳಿದ್ದವು. ಡೈನೋಸಾರ್‌ಗಳ ಕಾಲದಲ್ಲಿ ಕತ್ತಲೆಯಲ್ಲಿ ಅಡಗಿ ಬದುಕಿದ ನಮ್ಮ ಸಸ್ತನಿ ಪೂರ್ವಜರು ಕೆಲವನ್ನು ಕಳೆದುಕೊಂಡರು. ನಾಯಿಗೆ, ಹಸುವಿಗೆ ಇಂದಿಗೂ ಎರಡೇ ವಿಧ. ನಮ್ಮ ವಂಶಕ್ಕೆ ಮೂರನೆಯದು ಆಮೇಲೆ ಬಂತು. ಕಪ್ಪೆ ಹಿಡಿದದ್ದು ಬೇರೆ ದಾರಿ. ಶಂಕುಕೋಶದ ನೀಲಿ ಹೀರುವ ವರ್ಣದ್ರವ್ಯವನ್ನೇ ಅದು ದಂಡಕೋಶಕ್ಕೂ ತಂದುಕೊಂಡಿತು. ಆದರೆ ಒಂದು ತೊಡಕಿತ್ತು. ಶಂಕುಕೋಶದ ದ್ರವ್ಯ ಬೆಳಕಿಲ್ಲದಿದ್ದರೂ ಬರೀ ಶಾಖಕ್ಕೆ ಆಗಾಗ "ಬೆಳಕು ಬಂತು" ಎಂದು ಸುಳ್ಳು ಸುದ್ದಿ ಕೊಡುತ್ತದೆ. ಹಗಲಿನಲ್ಲಿ ಅದು ಲೆಕ್ಕಕ್ಕಿಲ್ಲ, ಕತ್ತಲೆಯಲ್ಲಿ ದೊಡ್ಡ ಗದ್ದಲ. ಇದಕ್ಕೆ ಪರಿಹಾರ ಸಿಕ್ಕ ಬಗೆಯನ್ನು 2017ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮುನ್ನೂರಕ್ಕೂ ಹೆಚ್ಚು ಮಣಿಗಳ ಸರದಂತಿರುವ ಆ ಪ್ರೋಟೀನಿನಲ್ಲಿ 47ನೆಯ ಮಣಿಯೊಂದೇ ಬದಲಾಗಿತ್ತು. ಅಷ್ಟಕ್ಕೇ ಗದ್ದಲ ಅಡಗಿತು!

ಅದೇ ವರ್ಷ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಅಲ್ಲಿನ ಕಪ್ಪೆ ಮತ್ತು ನೆಲಗಪ್ಪೆಗಳನ್ನು ಪರೀಕ್ಷಿಸಿದರು. ಮನುಷ್ಯರಿಗೆ ಏನೂ ಕಾಣದಷ್ಟು ಕತ್ತಲೆಯಲ್ಲೂ ಅವು ಬಣ್ಣದ ವ್ಯತ್ಯಾಸ ಗುರುತಿಸಿ ಹೊರದಾರಿ ಹುಡುಕಿದವು. ಆಹಾರ ಅಥವಾ ಜೊತೆಗಾರರನ್ನು ಹುಡುಕುವಾಗ ಮಾತ್ರ, ಕತ್ತಲೆ ಅಷ್ಟು ದಟ್ಟವಾಗುವ ಮೊದಲೇ ಬಣ್ಣದ ಸಹಾಯ ಬಿಟ್ಟುಬಿಟ್ಟವು. ಆದರೂ ಯುರೋಪಿನ ಮರಗಪ್ಪೆಯ ಹೆಣ್ಣು ರಾತ್ರಿಯಲ್ಲೂ ಗಂಟಲಚೀಲಕ್ಕೆ ಗಾಢ ಬಣ್ಣವಿರುವ ಗಂಡನ್ನೇ ಮೆಚ್ಚುತ್ತದೆ. ನಮ್ಮ ಕೆರೆಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಹಳದಿಯಾಗಿ ಹೊಳೆಯುವ ದೊಡ್ಡ ಕಪ್ಪೆಯನ್ನು ನೋಡಿದ್ದೀರಾ? ಅದೂ ಗಂಡೇ. ಅದರ ಗಂಟಲಚೀಲಗಳು ನೀಲಿ!

ಹಿರಿಯರೇ, ಮಳೆಗಾಲದ ರಾತ್ರಿ ಕಪ್ಪೆಗಳ ಗದ್ದಲಕ್ಕೆ ನಿದ್ದೆ ಬಾರದಿದ್ದ ಕಾಲ ನಮಗೆ ನೆನಪಿದೆ. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಕಪ್ಪೆಯಂಥ ಉಭಯಚರಗಳ ನೂರು ಪ್ರಭೇದಗಳಲ್ಲಿ 41 ಅಳಿವಿನ ಅಪಾಯದಲ್ಲಿವೆ. ನೆಲೆಯ ನಾಶ, ರೋಗ, ಬಿಸಿಯಾಗುತ್ತಿರುವ ಹವೆ ಇದರ ಮುಖ್ಯ ಕಾರಣಗಳು. ಅದರ ಜೊತೆಗೆ ಕೆರೆ ಏರಿಯ ಮೇಲೆ, ಹಿತ್ತಲಿನಲ್ಲಿ ರಾತ್ರಿಯಿಡೀ ಉರಿಯುವ ಬಿಳಿ ದೀಪಗಳು ಬೇರೆ. ಪ್ರಖರ ಬೆಳಕು ಬಿದ್ದರೆ ದಂಡಕೋಶದ ವರ್ಣದ್ರವ್ಯ ಮಾಸಿಹೋಗುತ್ತದೆ. ಮತ್ತೆ ತುಂಬಿಕೊಳ್ಳಲು ಬಹಳ ಹೊತ್ತು ಬೇಕು. ನಮ್ಮ ಆಟದಲ್ಲಿ ಹತ್ತು ನಿಮಿಷ ಕಾದದ್ದೂ ಅದಕ್ಕೇ.

ಮಳೆ ನಿಂತ ರಾತ್ರಿ ಕಪ್ಪೆ ನೋಡಲು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಟಾರ್ಚನ್ನು ಅದರ ಮುಖಕ್ಕೆ ಬಿಡಬೇಡಿ, ನೆಲಕ್ಕೆ ಹಿಡಿಯಿರಿ. ಮನೆಗೆ ಬಂದಮೇಲೆ ಹಿತ್ತಲಿನ ಬಲ್ಬ್ ಆರಿಸಿ ಮಲಗಿ. ನಮ್ಮ ನಿದ್ದೆಗೂ ಅದು ಒಳ್ಳೆಯದು, ಕರೆಂಟು ಬಿಲ್ಲಿಗೂ ಒಳ್ಳೆಯದು.